ಗುಹೆಯ ಬಾಯಿ ಯಾವ ಕಡೆಗೆ

ಜೆ.ಪಿ. ನಗರದ ಆ ಹೊಸ ಮನೆಯ ಹಾಲ್‌ನಲ್ಲಿ ಒಂದು ಗೋಡೆಯನ್ನು ಪೂರ್ತಿ ಖಾಲಿ ಬಿಟ್ಟಿದ್ದರು. ಸೋಫಾ, ಊಟದ ಮೇಜು, ಮಹಡಿ ಮೆಟ್ಟಿಲು ಎಲ್ಲವೂ ಆ ಗೋಡೆಯ ಕಡೆಗೇ ಮುಖ ಮಾಡಿದ್ದವು. ಮನೆಯ ಯಜಮಾನರು ಹೋಟೆಲ್ ವ್ಯಾಪಾರದವರು. ಗೋಡೆಯ ಮುಂದೆ ನಿಂತು ಎರಡೂ ಕೈ ಅಗಲಿಸಿ ತೋರಿಸಿದರು.

"ಈ ತುದಿಯಿಂದ ಆ ತುದಿ. ಬಾಗಿಲು ತೆಗೆದ ತಕ್ಷಣ ಕಾಣ್ಬೇಕು. ಸುಮ್ನೆ ಓಡಾಡ್ಕೊಂಡಿರೋ ಮೀನು ಬೇಡಪ್ಪ, ಅದು ನಮ್ಮ ಹೋಟ್ಲಲ್ಲೂ ಇದೆ. ಯಾರ ಮನೇಲೂ ಮರಿ ಮಾಡಲ್ಲ ಅಂತಾರಲ್ಲ, ಆ ಪಟ್ಟೆ ಪಟ್ಟೆ ಕ್ಯಾಟ್‌ಫಿಶ್, ಅದು ಇಲ್ಲಿ ಮರಿ ಮಾಡ್ಬೇಕು."

ಅವರು ಮಾತಾಡುತ್ತಿದ್ದುದು ನನ್ನ ತಮ್ಮನ ಜೊತೆ. ನಾನು ಪಕ್ಕದಲ್ಲಿ ಅಳತೆ ಟೇಪು ಹಿಡಿದು ನಿಂತಿದ್ದೆ.

"ಮಾಡ್ಕೊಡೋಣ ಸಾರ್," ಎಂದ ತಮ್ಮ.

ಬನಶಂಕರಿಯಲ್ಲಿ ಅಪ್ಪ ಬಿಟ್ಟುಹೋದ ಗಾಜಿನ ಅಂಗಡಿಯನ್ನು ನಾವಿಬ್ಬರೂ ಅಕ್ವೇರಿಯಂ ಕೆಲಸಕ್ಕೆ ತಿರುಗಿಸಿಕೊಂಡಿದ್ದೆವು. ಗಾಜು ಮತ್ತು ಗಿರಾಕಿ ಅವನ ಪಾಲು, ನೀರು ಮತ್ತು ಮೀನು ನನ್ನ ಪಾಲು. ನಾನು ಮೀನುಗಾರಿಕೆ ಓದಿದವಳು. ಅವನಿಗೆ ಮನುಷ್ಯರನ್ನು ಒಪ್ಪಿಸುವುದು ಗೊತ್ತಿತ್ತು. ಕೆಲಸ ಹೀಗೆ ಹಂಚಿಕೊಂಡದ್ದು ಸರಿಯಾಗಿಯೇ ಇದೆ ಎಂದು ನಾನು ಬಹಳ ಕಾಲ ನಂಬಿದ್ದೆ.

ಯಜಮಾನರು ಹೇಳಿದ ಮೀನಿನ ಹೆಸರು ಜೀಬ್ರಾ ಪ್ಲೆಕೊ. ಬೆಕ್ಕುಮೀನಿನ ಜಾತಿಯದು. ಬೆರಳುದ್ದದ ಬಿಳಿ ಮೈ, ಅದರ ಮೇಲೆ ಕಪ್ಪು ಪಟ್ಟೆ. ಬಾಯಿ ಕೆಳಗಡೆ ಇರುವುದರಿಂದ ಬಂಡೆಗೆ ಅಂಟಿಕೊಂಡೇ ಇರುತ್ತದೆ. ಇದರ ಮೂಲ ಬ್ರೆಜಿಲ್‌ನ ಒಂದೇ ಒಂದು ನದಿ. ನೀರು ಬೆಚ್ಚಗಿರಬೇಕು, ಮೃದುವಾಗಿರಬೇಕು, ರಭಸವಾಗಿ ಹರಿಯುತ್ತಿರಬೇಕು. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆ, ಈ ಮೀನಿಗೋ ಅದು ತುಂಬ ಬೇಕು. ಕಷ್ಟ ಇರುವುದೇ ಅಲ್ಲಿ. ಇನ್ನೊಂದು ಕಷ್ಟ ಅದರ ಸ್ವಭಾವದ್ದು. ಗಂಡು ತನ್ನ ಮೈಗೆ ಒಪ್ಪುವ ಬಿಲವೊಂದನ್ನು ಆರಿಸಿಕೊಂಡು ಹೆಣ್ಣನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಮೊಟ್ಟೆಯಿಟ್ಟ ಮೇಲೆ ಹೆಣ್ಣು ಹೊರಗೆ ಬರುತ್ತದೆ. ಮೊಟ್ಟೆ ಒಡೆದು ಮರಿ ತಾನಾಗಿ ಈಜುವವರೆಗೂ ಗಂಡು ಬಿಲದ ಬಾಯಲ್ಲಿ ಉಪವಾಸ ಕೂತು ರೆಕ್ಕೆ ಬೀಸುತ್ತ ನೀರು ಆಡಿಸುತ್ತದೆ. ಬೆದರಿದರೆ ಮೊಟ್ಟೆಯನ್ನು ತಾನೇ ಹೊರಗೆ ತಳ್ಳಿಬಿಡುತ್ತದೆ.

ಇಂಥ ಮೀನನ್ನು ಬಾಗಿಲು ತೆಗೆದ ತಕ್ಷಣ ಕಾಣುವ ಗೋಡೆಯಲ್ಲಿ ಸಾಕಬೇಕಿತ್ತು.

ನಕ್ಷೆ ನಾನೇ ಬರೆದೆ. ಹತ್ತು ಅಡಿ ಉದ್ದ, ಮೂರು ಅಡಿ ಅಗಲ, ಎತ್ತರ ಎರಡೇ ಅಡಿ. ಯಜಮಾನರಿಗೆ ಆಳೆತ್ತರದ ತೊಟ್ಟಿ ಬೇಕಿತ್ತು. ನೆಲದಲ್ಲೇ ಬದುಕುವ ಮೀನಿಗೆ ಎತ್ತರ ದಂಡ ಎಂದು ಅವರನ್ನು ಒಪ್ಪಿಸಿದೆ. ಆ ಕೆಲಸದಲ್ಲಿ ಮೊದಮೊದಲು ನಾನು ಗೆದ್ದದ್ದು ಅದೊಂದೇ. ತೊಟ್ಟಿಯ ಒಂದು ತುದಿಯಲ್ಲಿ ಪಂಪುಗಳು, ಇನ್ನೊಂದು ತುದಿಯಲ್ಲಿ ಸ್ಪಂಜು ಕಟ್ಟಿದ ಪೈಪುಗಳು. ಪೈಪುಗಳನ್ನು ಮರಳಿನಡಿಯಿಂದ ಮತ್ತೆ ಪಂಪಿಗೆ ಜೋಡಿಸಿದರೆ ನೀರು ಮೇಲೆ ಒಂದೇ ದಿಕ್ಕಿಗೆ ಹೊಳೆಯ ಹಾಗೆ ಹರಿಯುತ್ತದೆ. ಗೋಡೆಯ ಹಿಂದೆ ಬಟ್ಟೆ ಒಗೆಯುವ ಯುಟಿಲಿಟಿ ಕೋಣೆಯಿತ್ತು. ತೊಟ್ಟಿಯ ಬೆನ್ನು ಆ ಕೋಣೆಗೆ ತೆರೆಯುವ ಹಾಗೆ ಗೋಡೆ ಒಡೆಸಿ, ನೀರು ಸೋಸುವ ದೊಡ್ಡ ತೊಟ್ಟಿಯನ್ನು ವಾಷಿಂಗ್ ಮಷೀನ್ ಪಕ್ಕ ಇರಿಸಿದೆವು. ಕರೆಂಟು ಹೋದರೆ ಪಂಪು ನಿಲ್ಲದ ಹಾಗೆ ಬ್ಯಾಟರಿ ಇಟ್ಟೆವು. ಬೋರ್‌ವೆಲ್ ನೀರು ಕಲ್ಲಿನಷ್ಟು ಗಡಸು, ಕಾವೇರಿ ನೀರಿನಲ್ಲಿ ಕ್ಲೋರಿನ್. ಹಾಗಾಗಿ ಆರ್‌ಒ ಯಂತ್ರದಲ್ಲಿ ಶುದ್ಧೀಕರಿಸಿದ ನೀರಿಗೆ ಕಾವೇರಿ ನೀರನ್ನು ಒಂದಿಷ್ಟೇ ಬೆರೆಸಿ, ಇದ್ದಿಲ ಫಿಲ್ಟರಿನಲ್ಲಿ ಹಾಯಿಸಿ, ಎರಡು ಡ್ರಮ್ಮುಗಳಲ್ಲಿ ಇಡುವ ವ್ಯವಸ್ಥೆ ಮಾಡಿದೆ.

ಮೀನುಗಳು ಚೆನ್ನೈನ ಒಬ್ಬ ಸಾಕಣೆದಾರರ ಬಳಿಯೇ ಹುಟ್ಟಿ ಬೆಳೆದವು. ತೊಟ್ಟಿ ಸಿದ್ಧವಾಗುವವರೆಗೆ ಅವನ್ನು ಚಿಕ್ಕಲಸಂದ್ರದ ನಮ್ಮ ಶೆಡ್ಡಿನಲ್ಲಿ ಇರಿಸಿಕೊಂಡಿದ್ದೆ.

ಸಿದ್ಧವಾಗಲೇ ಇಲ್ಲ. ತೊಟ್ಟಿ ತುಂಬಿಸಿ, ಪಂಪು ಓಡಿಸಿ, ನೀರು ಮೀನಿಗೆ ಹದವಾಗಲಿ ಎಂದು ಬಿಟ್ಟೆ. ನೋಡಲು ಹೋದಾಗಲೆಲ್ಲ ನೀರಿನ ಗಡಸುತನ ಏರಿರುತ್ತಿತ್ತು. ಅರ್ಧ ನೀರು ಬದಲಾಯಿಸಿದರೆ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಮರಳನ್ನು ಸಂಶಯಪಟ್ಟು ತೆಗೆದು ಪರೀಕ್ಷಿಸಿದೆ, ಸರಿಯಿತ್ತು. ಮರದ ತುಂಡುಗಳು ಸರಿಯಿದ್ದವು. ಶುದ್ಧೀಕರಣ ಯಂತ್ರದೊಳಗಿನ ಸೋಸುವ ಪೊರೆ ಬದಲಾಯಿಸಿದೆ. ಪ್ರಯೋಜನವಾಗಲಿಲ್ಲ. ಉಳಿದದ್ದು ತೊಟ್ಟಿಯ ಹಿಂಬದಿಗೆ ಒಳಗಡೆಯಿಂದ ಹೊದಿಸಿದ್ದ ಕಪ್ಪು ಕಲ್ಲು. ಅದು ಗ್ರಾನೈಟ್ ಆಗಿರಬೇಕೆಂದು ನಕ್ಷೆಯಲ್ಲೇ ಬರೆದಿದ್ದೆ. ಗ್ರಾನೈಟ್ ನೀರಿಗೆ ಏನೂ ಬಿಡುವುದಿಲ್ಲ.

ತಾರಸಿಯಲ್ಲಿ ಆ ಕಲ್ಲಿನ ಚೂರು ಬಿದ್ದಿತ್ತು. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಒಂದು ತೊಟ್ಟು ಹಾಕಿದೆ. ಸೋಡಾದ ಹಾಗೆ ಬುಸ್ಸೆಂದು ನೊರೆ ಎದ್ದಿತು. ಕಡಪ ಕಲ್ಲು. ನಮ್ಮ ಹಳೆಯ ಮನೆಗಳ ಅಡುಗೆಕಟ್ಟೆಗೆಲ್ಲ ಹಾಕುತ್ತಿದ್ದ ಅದೇ ಕಲ್ಲು. ಅದು ಸುಣ್ಣದ ಕಲ್ಲು, ನೀರಿನಲ್ಲಿ ಕರಗುತ್ತಲೇ ಇರುತ್ತದೆ.

ತಮ್ಮನಿಗೆ ಫೋನ್ ಮಾಡಿದೆ.

"ಇಂಟೀರಿಯರ್ ಡಿಸೈನ್ ಮಾಡೋ ಮೇಡಂಗೆ ಗ್ರಾನೈಟ್ ಶೈನಿಂಗ್ ಇಷ್ಟ ಆಗ್ಲಿಲ್ಲ ಅಕ್ಕ. ಮ್ಯಾಟ್ ಬೇಕು ಅಂದ್ರು. ಕಪ್ಪು ತಾನೇ, ಎರಡೂ ಒಂದೇ ಅಂತ ಹೂಂ ಅಂದೆ."

"ನಂಗೊಂದ್ ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಅದು ನಿಜವೇ. ತೊಟ್ಟಿ ಖಾಲಿ ಮಾಡಿ, ಕಲ್ಲು ಕಿತ್ತು, ಗಾಜನ್ನು ಕೆರೆದು, ಸಿಲಿಕಾನ್ ಮತ್ತೆ ಹಚ್ಚಿ, ಒಣಗಿಸಿ, ಎಲ್ಲವನ್ನೂ ಮೊದಲಿನಿಂದ ಮಾಡಿದೆವು. ಈ ಸಲ ಹಿಂಬದಿಗೆ ಕಲ್ಲು ಹೊದಿಸದೆ ಗಾಜನ್ನು ಹಾಗೇ ಬಿಟ್ಟೆವು. ತಮ್ಮ ಯಜಮಾನರಿಗೆ, "ನೀರು ಸೆಟ್ ಆಗ್ತಿಲ್ಲ ಸಾರ್, ಅಕ್ಕ ಇನ್ನೊಂದ್ಸಲ ಮಾಡ್ಬೇಕು ಅಂತಿದಾಳೆ" ಎಂದು ಹೇಳಿದ್ದ. ಯಜಮಾನರು ನನ್ನ ಕಡೆ ನೋಡಿ, "ಪರ್ವಾಗಿಲ್ಲ ಮೇಡಂ, ಎಲ್ರೂ ತಪ್ಪು ಮಾಡ್ತಾರೆ" ಎಂದರು. ನಾನು ತಿದ್ದಲಿಲ್ಲ. ಗಿರಾಕಿಯ ಮುಂದೆ ತಮ್ಮನನ್ನು ಬಿಟ್ಟುಕೊಡಬಾರದು ಅನ್ನಿಸಿತು.

ಚಳಿ ಮುಗಿಯುವ ಹೊತ್ತಿಗೆ ಮೀನುಗಳನ್ನು ಬಿಟ್ಟೆವು. ಬಿಲಗಳಿಗೆ ಬದಲಾಗಿ ಕುಂಬಾರರ ಹತ್ತಿರ ಹೇಳಿ ಮಣ್ಣಿನ ಗುಹೆಗಳನ್ನು ಮಾಡಿಸಿದ್ದೆ, ಒಂದು ಕಡೆ ಮುಚ್ಚಿದ ಗಿಡ್ಡ ಕೊಳವೆಗಳು. ಗಂಡು ಒಳಹೊಕ್ಕರೆ ಅದರ ಎರಡೂ ಬದಿಯ ರೆಕ್ಕೆ ಗೋಡೆಗೆ ತಾಗಬೇಕು, ಅಷ್ಟೇ ಅಗಲ. ಗುಹೆಗಳ ಬಾಯಿ ಹಿಂದಕ್ಕಿರಲಿ ಎಂದು ನಾನು, ಹಾಲ್ ಕಡೆಗಿರಲಿ ಎಂದು ಯಜಮಾನರು. ತಮ್ಮ ನಡುವೆ ನಿಂತು, "ಮುಂದಕ್ಕೇ ಇಟ್ಟು ನೋಡೋಣ, ಆಗ್ಲಿಲ್ಲ ಅಂದ್ರೆ ತಿರುಗ್ಸೋಣ" ಎಂದ. ಗುಹೆಗಳನ್ನು ಒಂದರ ಪಕ್ಕ ಒಂದು, ಅಂಗಡಿ ಸಾಲಿನ ಹಾಗೆ ಜೋಡಿಸಿದರು. ಇಂಟೀರಿಯರ್ ಮೇಡಂಗೆ ಅದು ತುಂಬ ಹಿಡಿಸಿತು.

ಅಷ್ಟು ಹತ್ತಿರದಲ್ಲಿ ಗಂಡುಗಳು ಹೊಂದಿಕೊಳ್ಳಲಿಲ್ಲ. ಒಂದರ ಗುಹೆಗೆ ಇನ್ನೊಂದು ನುಗ್ಗುವುದು, ಕೆನ್ನೆಯ ಮುಳ್ಳು ಬಿಚ್ಚಿ ಚುಚ್ಚುವುದು. ಬೆಳಕು ಬಿದ್ದಾಗಲೆಲ್ಲ ಒಳಗೆ ಮುದುಡುವುದು. ಕೊನೆಗೆ ದೊಡ್ಡ ಗಂಡೊಂದು ಹೆಣ್ಣನ್ನು ಒಳಗೆ ಸೇರಿಸಿಕೊಂಡಿತು. ನನಗೆ ಆಸೆ ಹುಟ್ಟಿತು. ಸಾಮಾನ್ಯವಾಗಿ ಕೆಲವು ದಿನದಲ್ಲಿ ಹೆಣ್ಣು ಹೊರಬರುತ್ತದೆ. ಇದು ಬರಲಿಲ್ಲ. ಹಾಲ್‌ನಲ್ಲಿ ಯಾರಾದರೂ ಓಡಾಡಿದರೆ ಗಂಡು ಇನ್ನಷ್ಟು ಬಿಗಿಯಾಗಿ ಬಾಯಿಗೆ ಅಡ್ಡ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ನಾನು ಹೋದಾಗ ಹೆಣ್ಣು ಗುಹೆಯ ಬಾಯಲ್ಲಿ ಮಗ್ಗುಲಾಗಿ ಬಿದ್ದಿತ್ತು. ರೆಕ್ಕೆಗಳು ದಾರದಂತೆ ಹರಿದಿದ್ದವು, ಹೊಟ್ಟೆ ಇನ್ನೂ ಮೊಟ್ಟೆಯಿಂದ ತುಂಬಿತ್ತು.

ಅದನ್ನು ಬಲೆಯಲ್ಲಿ ಎತ್ತಿ ಹಿಡಿದುಕೊಂಡೇ ಯಜಮಾನರ ಮುಂದೆ ಹೋಗಿ ನಿಂತೆ. ಅವರು ಕಾಫಿ ಕುಡಿಯುತ್ತಿದ್ದರು. ತಮ್ಮ ಇನ್ನೂ ಬಂದಿರಲಿಲ್ಲ. ಅವನಿಲ್ಲದೆ ನಾನೊಬ್ಬಳೇ ಅವರ ಜೊತೆ ಮಾತಾಡಿದ್ದು ಅದೇ ಮೊದಲು.

"ಸಾರ್, ಎರಡ್ರಲ್ಲಿ ಒಂದು ಆರಿಸ್ಕೊಳ್ಳಿ. ನೋಡಕ್ಕೆ ಬೇಕಾ, ಮರಿ ಬೇಕಾ?"

"ಎರಡೂ ಬೇಕು ಅಂತ ತಾನೇ ಮೇಡಂ ಇಷ್ಟೆಲ್ಲ ಮಾಡಿದ್ದು?"

"ಎರಡೂ ಆಗಲ್ಲ ಸಾರ್. ಇದು ಸತ್ತಿದ್ದು ಅದಕ್ಕೇ."

ಅವರು ಬಲೆಯೊಳಗೆ ಬಗ್ಗಿ ನೋಡಿದರು. ಮುಖ ಸಣ್ಣದಾಯಿತು. ತಾವು ಹುಡುಗನಾಗಿದ್ದಾಗ ಗಾಜಿನ ಭರಣಿಯಲ್ಲಿ ಕೆರೆಯ ಮೀನು ಸಾಕಿದ್ದೆ, ಅದು ಸತ್ತಾಗ ಊಟ ಬಿಟ್ಟಿದ್ದೆ ಎಂದರು. "ಏನ್ ಮಾಡ್ಬೇಕು ಹೇಳಿ."

ನಾನು ನಿಂತಲ್ಲೇ ಹೇಳಿದೆ. ತೊಟ್ಟಿಯನ್ನು ಉದ್ದಕ್ಕೆ ಎರಡು ಭಾಗ ಮಾಡಬೇಕು. ನಡುವೆ ಕಲ್ಲುಗುಡ್ಡೆ, ಅದರ ಹಿಂದೆ ತೂತು ಕೊರೆದ ಕಪ್ಪು ಹಾಳೆ. ಗುಹೆಗಳೆಲ್ಲ ಹಿಂಭಾಗಕ್ಕೆ, ಬಾಯಿ ಯುಟಿಲಿಟಿ ಕೋಣೆಯ ಕಡೆಗೆ. ಒಂದಕ್ಕೊಂದು ಕಾಣದ ಹಾಗೆ ದೂರ ದೂರ. ಹಾಲ್‌ನಿಂದ ಬರೀ ಕಲ್ಲು, ಮರ, ಹರಿವ ನೀರು ಕಾಣುತ್ತದೆ. ಸಂಜೆ ದೀಪ ತಗ್ಗಿಸಿ ಊಟ ಹಾಕಿದಾಗ ಮೀನು ಮುಂದೆ ಬಂದರೆ ನೋಡಬಹುದು. ಮೊಟ್ಟೆ ನೋಡಬೇಕಾದರೆ ಹಿಂದಿನ ಕೋಣೆಗೆ ಬಂದು ಸುಮ್ಮನೆ ಕೂರಬೇಕು.

ಅವರು ಒಪ್ಪಿದರು. ತಮ್ಮ ಬಂದವನು ವಿಷಯ ಕೇಳಿ ನನ್ನನ್ನು ಗೇಟಿನ ಹೊರಗೆ ಕರೆದುಕೊಂಡು ಹೋದ. ಯಜಮಾನರ ಹೊಸ ಹೋಟೆಲ್ ಏಳುತ್ತಿತ್ತು. ಅದರ ಲಾಬಿಯ ತೊಟ್ಟಿಗಳ ಕೆಲಸವೂ ನಮಗೇ ಎಂದು ಅವರು ಅವನಿಗೆ ಮಾತು ಕೊಟ್ಟಿದ್ದರಂತೆ.

"ನೀನು ಹೀಗೆ ಮುಖಕ್ಕೆ ಹೊಡ್ದಂಗೆ ಮಾತಾಡಿದ್ರೆ ಆ ಕೆಲ್ಸ ಹೋಗತ್ತೆ ಅಕ್ಕ."

"ಒಪ್ಕೊಂಡ್ರಲ್ಲೋ."

"ಈಗ ಒಪ್ಕೊಂಡ್ರು. ನೀನು ಮೀನು ನೋಡ್ತೀಯ. ನಾನು ಮನುಷ್ಯರನ್ನ ನೋಡ್ಬೇಕು."

ಮುಂದಿನ ತಿಂಗಳುಗಳು ನನ್ನ ಕೆಲಸದ ಬದುಕಿನಲ್ಲೇ ಒಳ್ಳೆಯವು. ಹಿಂಭಾಗದ ಗಾಜನ್ನು ಯುಟಿಲಿಟಿ ಕಡೆಯಿಂದ ಕಪ್ಪು ಬಟ್ಟೆಯಲ್ಲಿ ಮುಚ್ಚಿ, ನೋಡಲು ಒಂದು ಸೀಳು ಬಿಟ್ಟೆ. ಬೇಸಿಗೆ ಏರಿದಂತೆ ನೀರು ಬದಲಾಯಿಸುವುದನ್ನು ಬೇಕೆಂದೇ ಕಡಿಮೆ ಮಾಡಿದೆ. ಊಟ ತಗ್ಗಿಸಿದೆ, ಹರಿವು ತಗ್ಗಿಸಿದೆ, ಗಡಸುತನ ಮೆಲ್ಲಗೆ ಏರಲು ಬಿಟ್ಟೆ. ಮೀನಿನ ಪಾಲಿಗೆ ಹೊಳೆ ಬತ್ತುತ್ತಿತ್ತು. ಬತ್ತಿದ ಹೊಳೆಗೆ ಹೊಸ ಮಳೆನೀರು ಬಂದಾಗಲೇ ಅವು ಮೊಟ್ಟೆಯಿಡುವುದು. ಆಮೇಲೆ ಏಪ್ರಿಲ್ಲಿನ ಮೊದಲ ಮಳೆಗಾಗಿ ಕಾದೆ. ಕನಕಪುರ ರಸ್ತೆಯ ಕಡೆ ಮೋಡ ಕಟ್ಟಿ, ಮಧ್ಯಾಹ್ನವೇ ಕತ್ತಲಾಗಿ, ಗುಡುಗು ಶುರುವಾದ ದಿನ ವಸಂತಪುರದಲ್ಲಿ ಯಾವುದೋ ತೊಟ್ಟಿ ತೊಳೆಯುತ್ತಿದ್ದವಳು ಅರ್ಧಕ್ಕೇ ಬಿಟ್ಟು ಸ್ಕೂಟರಿನಲ್ಲಿ ನೆನೆಯುತ್ತ ಜೆ.ಪಿ. ನಗರಕ್ಕೆ ಹೋದೆ. ಡ್ರಮ್ಮುಗಳಲ್ಲಿದ್ದ ತಣ್ಣನೆಯ ಮೃದು ನೀರನ್ನು ಸಣ್ಣ ಕೊಳವೆಯಲ್ಲಿ ತೊಟ್ಟಿಗೆ ಹಾಯಿಸಿದೆ. ಪಂಪುಗಳನ್ನು ಪೂರ್ತಿ ತಿರುಗಿಸಿದೆ. ಹೊರಗೂ ಮಳೆ, ಒಳಗೂ ಮಳೆ. ಹೀಗೆ ಮೂರ್ನಾಲ್ಕು ಸಲ, ಮಳೆ ಬಂದಾಗಲೆಲ್ಲ.

ಹೆಣ್ಣೊಂದು ಮೂಲೆಯ ಗುಹೆಗೆ ಹೋಯಿತು. ಈ ಬಾರಿ ಹೊರಬಂತು, ಹೊಟ್ಟೆ ಬಡಕಲಾಗಿ, ರೆಕ್ಕೆ ಸರಿಯಾಗಿ. ಸಣ್ಣ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಸೀಳಿನಿಂದ ನೋಡಿದೆ. ಗಂಡಿನ ಹೊಟ್ಟೆಯಡಿಯಲ್ಲಿ ತೊಗರಿಬೇಳೆ ಬಣ್ಣದ, ಮೆಣಸಿನಕಾಳು ಗಾತ್ರದ ಮೊಟ್ಟೆಗಳ ಒಂದು ಗೊಂಚಲು. ಬೆರಳಲ್ಲಿ ಎಣಿಸುವಷ್ಟೇ. ಅಷ್ಟೇ ಇಡುವುದು ಅವು.

ಯಜಮಾನರನ್ನು ಕರೆದೆ. ಚಪ್ಪಲಿ ಬಿಟ್ಟು, ವಾಷಿಂಗ್ ಮಷೀನ್ ಪಕ್ಕದ ಸ್ಟೂಲಿನ ಮೇಲೆ ಕೂತು, ಆ ಸೀಳಿಗೆ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು. "ಅಪ್ಪನಾ ಅದು ಗಾಳಿ ಹಾಕ್ತಿರೋದು?" ಎಂದು ಪಿಸುಗುಟ್ಟಿದರು. ಹೌದೆಂದೆ. "ಎಲಾ," ಎಂದರು. ಆ ಗಳಿಗೆ ಅವರ ಮೇಲೆ ನನಗೆ ಪ್ರೀತಿಯೇ ಹುಟ್ಟಿತು. ಇವರಿಗೆ ಅರ್ಥವಾಯಿತು ಎಂದುಕೊಂಡೆ.

ಆ ವಾರವೇ ಅವರ ಅರವತ್ತರ ಶಾಂತಿ ಇತ್ತು, ಮನೆಯಲ್ಲೇ. ನನಗೂ ಊಟಕ್ಕೆ ಹೇಳಿದ್ದರು. ಗಲಾಟೆಯಲ್ಲಿ ಮೀನು ಬೆದರಬಾರದೆಂದು ಹಾಲ್ ಕಡೆಯ ಗಾಜಿಗೆ ಒಂದು ಪರದೆ ಕಟ್ಟಲು ತಮ್ಮನಿಗೆ ಹೇಳಿ, ಪರದೆಯ ಬಟ್ಟೆಯನ್ನೂ ನಾನೇ ಜಯನಗರದಿಂದ ತಂದು ಕೊಟ್ಟಿದ್ದೆ. ಹಿಂದಿನ ದಿನ ಬೇರೆ ಕೆಲಸವಿತ್ತು, ಹೋಗಲಾಗಲಿಲ್ಲ.

ಶಾಂತಿಯ ಬೆಳಿಗ್ಗೆ ಹೋದಾಗ ಹಾಲ್ ತುಂಬ ಜನ. ಹೋಮದ ಹೊಗೆ, ಸೇವಂತಿಗೆ ಹಾರ, ರೇಷ್ಮೆ ಸೀರೆಗಳು. ಗೋಡೆಯ ಕಡೆ ನೋಡಿದೆ. ಪರದೆ ಇರಲಿಲ್ಲ. ನಡುವಿನ ಕಪ್ಪು ಹಾಳೆಯೂ ಇರಲಿಲ್ಲ. ಕಲ್ಲುಗುಡ್ಡೆಯನ್ನು ಬದಿಗೆ ಸರಿಸಿ, ಮೂಲೆಯ ಗುಹೆಯನ್ನು ನಡುವಿಗೆ ತಂದು, ಬಾಯಿ ಜನರ ಕಡೆಗೆ ಮಾಡಿ ಇರಿಸಿದ್ದರು. ಮೇಲಿನಿಂದ ಒಂದು ಬಿಳಿ ದೀಪ ನೇರ ಅದರೊಳಕ್ಕೆ ಬೀಳುತ್ತಿತ್ತು. ಮಕ್ಕಳು ಗಾಜು ತಟ್ಟುತ್ತಿದ್ದರು. ಗುಹೆ ಖಾಲಿ. ಗಂಡು ತೊಟ್ಟಿಯ ಇನ್ನೊಂದು ತುದಿಯಲ್ಲಿ ಮರದ ಕೆಳಗೆ ಮೈ ಒತ್ತಿಕೊಂಡಿತ್ತು, ಪಟ್ಟೆಗಳು ಬಿಳಿಚಿ ಬೂದಿಯಾಗಿದ್ದವು.

ಮೊಟ್ಟೆ ಎಲ್ಲಿ? ಹೊಳೆ ನಾನೇ ಮಾಡಿದ್ದು, ಅದು ಎಲ್ಲಿಗೆ ಒಯ್ಯುತ್ತದೆಂದು ನನಗೆ ಗೊತ್ತಿತ್ತು. ಸ್ಟೂಲ್ ಎಳೆದು ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಭುಜದವರೆಗೆ ಕೈ ಇಳಿಸಿದೆ. ಸ್ಪಂಜಿಗೆ ಆ ಗೊಂಚಲು ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಿದೆ.

ಯಜಮಾನರ ಹೆಂಡತಿ ಹಿಂದಿನಿಂದ ಹೇಳಿದರು. "ಏನ್ ಮೇಡಂ ಇದು? ಒಳಗೆ ಪೂಜೆ ನಡೀತಿದೆ, ಈಗ ಟ್ಯಾಂಕಿಗೆ ಕೈ ಹಾಕ್ತೀರಾ? ಸಂಜೆ ಮಾಡ್ಕೋಬಾರ್ದಾ?"

"ಒಂದ್ನಿಮಿಷ ಮೇಡಂ," ಎಂದೆ. ಸೀರೆಯ ಅರ್ಧ ನೆನೆದಿತ್ತು. ಗೊಂಚಲನ್ನು ತೊಟ್ಟಿಯ ನೀರು ತುಂಬಿದ ಸ್ಟೀಲ್ ಡಬರಿಯಲ್ಲಿಟ್ಟುಕೊಂಡು ಜನರ ನಡುವೆ ದಾರಿ ಬಿಡಿಸಿಕೊಂಡು ಹಿಂದಿನ ಕೋಣೆಗೆ ಹೋದೆ. ತಮ್ಮ ಹಿಂದೆಯೇ ಬಂದ. ಹೊಸ ಅಂಗಿ ಹಾಕಿದ್ದ.

"ಯಾರು ತಿರುಗ್ಸಿದ್ದು?" ಎಂದು ಕೇಳಿದೆ.

"ನಿನ್ನೆ ಸಂಜೆ ಸಾರ್ ಕರೆದ್ರು. ನೆಂಟರನ್ನೆಲ್ಲ ವಾಷಿಂಗ್ ಮಷೀನ್ ಪಕ್ಕ ಕೂರ್ಸಕ್ಕಾಗತ್ತಾ ಅಂದ್ರು. ಒಂದೇ ದಿನಕ್ಕೆ ಅಂದ್ರು."

"ಆಗಲ್ಲ ಅನ್ಬೇಕಿತ್ತು."

"ಹೇಗನ್ಲಿ? ಅರವತ್ತು ವರ್ಷದ ಫಂಕ್ಷನ್ ಅವ್ರದ್ದು."

"ಒಂದು ಮಾತು. ಆಗಲ್ಲ ಸಾರ್. ಅಷ್ಟೇ."

"ನಿಂಗೆ ಸುಲಭ ಅಕ್ಕ. ನೀನು ಹೇಳಿ ಹೋಗ್ತೀಯ. ಆಮೇಲೆ ಅವ್ರ ಮುಂದೆ ನಿಲ್ಲೋನು ನಾನು."

ಹೊರಗೆ ಮಂಗಳಾರತಿಯ ಗಂಟೆ ಬಾರಿಸಿತು. ಅವನು ಹೋದ. ನಾನು ಊಟಕ್ಕೆ ಕೂರಲಿಲ್ಲ.

ಸೋಸುವ ತೊಟ್ಟಿಯೊಳಗೆ ಒಂದು ಪ್ಲಾಸ್ಟಿಕ್ ಡಬ್ಬಿ ತೂಗುಬಿಟ್ಟು, ಗಾಳಿಯನ್ನು ಗುಳ್ಳೆಯಾಗಿ ಬಿಡುವ ಏರ್‌ಸ್ಟೋನ್ ಇಟ್ಟು, ಮೊಟ್ಟೆಗಳು ಸದಾ ಅಲುಗುವ ಹಾಗೆ ಗುಳ್ಳೆ ಹೊಂದಿಸಿದೆ. ಗಂಡು ರೆಕ್ಕೆಯಲ್ಲಿ ಮಾಡುವ ಕೆಲಸ ಅದು. ಜಯನಗರದ ಬೀದಿಬದಿಯ ಬಾದಾಮಿ ಮರದ ಒಣ ಎಲೆ ತಂದು ನೀರಿಗೆ ಹಾಕಿದೆ, ಬೂಷ್ಟು ತಡೆಯುತ್ತದೆ. ಬೆಳ್ಳಗಾದ ಮೊಟ್ಟೆಗಳನ್ನು ದಿನವೂ ಡ್ರಾಪರಿನಲ್ಲಿ ಎತ್ತಿ ತೆಗೆದೆ. ಗೊಂಚಲು ಅರ್ಧಕ್ಕಿಂತ ಸಣ್ಣದಾಯಿತು. ಉಳಿದವು ಒಡೆದವು. ದೊಡ್ಡ ಹಳದಿ ಚೀಲಕ್ಕೆ ಒಂದು ಪಾರದರ್ಶಕ ಬಾಲ ಅಂಟಿಸಿದಂತಿದ್ದವು. ಚೀಲ ಕರಗುತ್ತ ಬಂದಂತೆ ತಲೆ ಮೂಡಿತು, ಬಾಯಿ ಮೂಡಿತು, ಮೈಮೇಲೆ ಮೊದಲ ಕಪ್ಪು ಗೆರೆಗಳು ಬಂದವು. ಬೆರಳ ಉಗುರಿನಷ್ಟು ಚಿಕ್ಕ, ಪೂರ್ತಿ ಜೀಬ್ರಾ ಪ್ಲೆಕೊಗಳು. ದಿನಾ ಬೆಳಿಗ್ಗೆ ಹೋಗಿ ಊಟ ಹಾಕಿ, ಡಬ್ಬಿ ತೊಳೆದು ಬರುತ್ತಿದ್ದೆ. ತಮ್ಮ ಮತ್ತು ನಾನು ಕೆಲಸದ ಮಾತಷ್ಟೇ ಆಡುತ್ತಿದ್ದೆವು.

ಮರಿಗಳು ಬದುಕಿವೆ ಎಂದು ಯಜಮಾನರಿಗೆ ಹೇಳಿದವಳು ನಾನೇ. ಅವರ ಮೀನು, ಹೇಳಲೇಬೇಕಿತ್ತು. ಹಿಗ್ಗಿಹೋದರು. ಡಬ್ಬಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಇವನ್ನ ಮುಂದೆ ಬಿಡಿ ಮೇಡಂ" ಎಂದರು.

"ಈಗ್ಲೇ ಬೇಡ ಸಾರ್. ಅಲ್ಲಿ ಹರಿವು ಜಾಸ್ತಿ. ಇವಕ್ಕೆ ಊಟ ಸಿಗಲ್ಲ, ಸ್ಪಂಜ್ ಸಂದಿಗೆ ಹೋಗಿ ಸೇರ್ಕೊಂಡ್ಬಿಡ್ತವೆ. ಒಂದಿಂಚು ಆಗ್ಲಿ."

"ಡಬ್ಬೀಲಿದ್ರೆ ಯಾರಿಗೆ ಕಾಣತ್ತೆ?"

"ಹಾಗಾದ್ರೆ ನಮ್ಮ ಶೆಡ್ಡಲ್ಲಿ ಬೆಳ್ಸಿ ತಂದ್ಕೊಡ್ತೀನಿ ಸಾರ್. ಒಂದೂ ಬಿಡದೆ ತರ್ತೀನಿ."

ಅವರು ನಕ್ಕರು. ಕೆಟ್ಟ ನಗುವಲ್ಲ. "ನಮ್ಮ ಮನೇಲಿ ಹುಟ್ಟಿದ್ದು ಮೇಡಂ, ನಮ್ಮ ಮನೇಲೇ ಇರ್ಲಿ." ಆಮೇಲೆ ಅಂದು ನನ್ನ ಜೊತೆ ಬಂದಿದ್ದ ತಮ್ಮನ ಕಡೆ ತಿರುಗಿದರು. "ಏನಪ್ಪಾ, ಬಿಡಬಹುದಲ್ವಾ?"

ತಮ್ಮ ನನ್ನ ಮುಖ ನೋಡಿದ. ನಾನೂ ಅವನನ್ನೇ ನೋಡುತ್ತಿದ್ದೆ.

"ಬಿಡಬಹುದು ಸಾರ್," ಎಂದ.

ಡಬ್ಬಿಯನ್ನು ಅವನೇ ಹಿಡಿದು ಮುಂದಿನ ನೀರಿಗೆ ಬಗ್ಗಿಸಿದ. ಮರಿಗಳು ಒಂದು ಗಳಿಗೆ ಗಾಜಿಗೆ ಅಂಟಿಕೊಂಡು ಕಂಡವು. ಯಜಮಾನರು ಫೋನಿನಲ್ಲಿ ವಿಡಿಯೊ ತೆಗೆದರು. ಆಮೇಲೆ ಹರಿವು ಅವನ್ನು ಎತ್ತಿಕೊಂಡಿತು.

ಮತ್ತೆ ಹೋದಾಗ ಒಂದೂ ಕಾಣಲಿಲ್ಲ. ಸ್ಪಂಜು ಬಿಚ್ಚಿ ಹಿಂಡಿದೆ. ಅದರ ಹಿಂದಿನ ಪೈಪಿನಲ್ಲಿ ಸತ್ತ ಮರಿಯೊಂದು ಸಿಕ್ಕಿತು, ಪಟ್ಟೆ ಇನ್ನೂ ಮಾಸಿರಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಹಾಲ್‌ಗೆ ಹೋಗಿ ಯಜಮಾನರಿಗೆ ತೋರಿಸಿದೆ. ಅವರು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು. ಅದನ್ನು ಕಿವಿಯಿಂದ ತುಸು ಸರಿಸಿ, "ಹೋದ್ರೆ ಹೋಗ್ಲಿ ಬಿಡಿ ಮೇಡಂ. ಮತ್ತೆ ಹಾಕ್ಸಿದ್ರಾಯ್ತು" ಎಂದರು.

ಹಿಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು "ಎಲಾ" ಎಂದಿದ್ದವರೂ ಅವರೇ. ಆ ಬೆರಗು ಸುಳ್ಳಾಗಿರಲಿಲ್ಲ. ಆದರೆ ಬೆರಗಿಗೂ ಕಾಳಜಿಗೂ ನಂಟಿದೆ ಎಂದು ನಾನು ಸುಮ್ಮನೆ ಅಂದುಕೊಂಡಿದ್ದೆ.

ಅಂದು ಸಂಜೆ ಅಂಗಡಿಯಲ್ಲಿ ತಮ್ಮ ಗಾಜು ಕತ್ತರಿಸುತ್ತಿದ್ದ. ನಾನು ನನ್ನ ಪರೀಕ್ಷಾ ಕಿಟ್ಟು, ಬಲೆಗಳು, ಮೀಟರು ಎಲ್ಲವನ್ನೂ ಚೀಲಕ್ಕೆ ತುಂಬಿದೆ.

"ಎಲ್ಲಿಗೆ?" ಎಂದ.

"ನಾಳೆಯಿಂದ ಬರಲ್ಲ."

"ಮೀನಿಗೋಸ್ಕರ ಅಂಗಡಿ ಬಿಡ್ತೀಯಾ? ಇಷ್ಟುದ್ದದ ಮೀನಿಗೋಸ್ಕರ?" ಬೆರಳು ತೋರಿಸಿದ. ಕಣ್ಣಲ್ಲಿ ನೀರಿತ್ತು, ಕೋಪದ್ದೋ ದುಃಖದ್ದೋ ತಿಳಿಯಲಿಲ್ಲ. "ನಾನು ಹೂಂ ಅಂದಿದ್ದೆಲ್ಲ ಯಾರಿಗೆ ಅಕ್ಕ? ಈ ಅಂಗಡಿಗೇ ತಾನೇ?"

"ನೀನು ಹೂಂ ಅಂದಾಗೆಲ್ಲ ಅದನ್ನ ತೊಳ್ದಿದ್ದು ನಾನು," ಎಂದೆ.

ಅವನು ಗಾಜಿನ ಮೇಲೆ ಗೆರೆ ಎಳೆಯುವುದನ್ನು ಮುಂದುವರಿಸಿದ. ನಾನು ಅಂಗಡಿಯ ಸ್ಕೂಟರಿನ ಕೀಲಿ ಅಲ್ಲೇ ಇಟ್ಟು, ಚೀಲ ಎತ್ತಿಕೊಂಡು ಹೊರಟೆ. ಅವನು ತಡೆಯುತ್ತಾನೆಂದು ಬಸ್ ಸ್ಟಾಪಿನವರೆಗೂ ಮೆಲ್ಲಗೆ ನಡೆದೆ.

ಹೋಟೆಲಿನ ಲಾಬಿಯ ಕೆಲಸ ಅವನಿಗೆ ಸಿಕ್ಕಿತು. ನಾನೀಗ ಬಿಟಿಎಂ ಮತ್ತು ಮಡಿವಾಳದ ಕಡೆ ಕ್ಲಿನಿಕ್ಕು, ಶಾಲೆಗಳಲ್ಲಿ ಗೋಲ್ಡ್‌ಫಿಶ್ ತೊಟ್ಟಿಗಳನ್ನು ತೊಳೆಯುತ್ತೇನೆ. ಯಾವುದನ್ನೂ ವಿನ್ಯಾಸ ಮಾಡುವುದಿಲ್ಲ. ಅಮ್ಮನ ತಿಥಿಗೆ ಸೇರಿದಾಗಲೂ ನಾವಿಬ್ಬರೂ ಬೇರೆ ಬೇರೆ ಪಂಕ್ತಿಯಲ್ಲಿ ಕೂತೆವು.

ಮರುವರ್ಷ ಮಳೆ ಶುರುವಾದಾಗ, ನಾನೊಂದು ಶಾಲೆಯಲ್ಲಿ ಪಂಪು ಬಿಚ್ಚುತ್ತಿದ್ದ ಹೊತ್ತಿಗೆ ಅವನ ಫೋನು ಬಂತು.

"ಅಕ್ಕ," ಎಂದ, ದನಿ ತಗ್ಗಿಸಿ. "ಜೆ.ಪಿ. ನಗರದಲ್ಲಿದೀನಿ. ಕಪ್ಪು ಹಾಳೆ ವಾಪಸ್ ಹಾಕಿದ್ದೆ. ಮೂಲೆ ಗುಹೇಲಿ ಮೊಟ್ಟೆ ಇದೆ. ಗಂಡು ಗಾಳಿ ಹಾಕ್ತಿದೆ. ಏನ್ ಮಾಡ್ಲಿ?"

ಚೆನ್ನಾಗಿದ್ದೀಯಾ ಎಂದು ಅವನು ಕೇಳಲಿಲ್ಲ. ನಾನೂ ಕೇಳಲಿಲ್ಲ.

"ಟಾರ್ಚ್ ಆರ್ಸು. ಬಟ್ಟೆ ಮುಚ್ಚು. ನೀರು ಬದಲಾಯಿಸ್ಬೇಡ, ಮುಟ್ಟಲೇಬೇಡ. ಮರಿ ತಾವಾಗೇ ಹೊರಗೆ ಬರೋವರ್ಗೂ ಬಿಡು. ಸ್ಪಂಜಿಗೆ ಮೇಲಿಂದ ಸಣ್ಣ ಜಾಲರಿ ಸುತ್ತು."

"ಹೂಂ."

ಅವನ ಹಿಂದೆ ದೂರದಿಂದ ಯಜಮಾನರ ದನಿ ಕೇಳಿಸಿತು. "ಏನಪ್ಪಾ, ಏನಾದ್ರೂ ಇದೆಯಾ ಒಳಗೆ? ಭಾನುವಾರ ಬೀಗರು ಬರ್ತಿದಾರೆ."

ಫೋನಿನಲ್ಲಿ ಸೀಳಿನ ಮೇಲೆ ಬಟ್ಟೆ ಎಳೆದ ಸದ್ದು ಕೇಳಿತು. ನಾನು ಏನನ್ನೂ ಹೇಳಿಕೊಡಲಿಲ್ಲ.

"ಇಲ್ಲ ಸಾರ್," ಎಂದ ತಮ್ಮ. "ಏನೂ ಇಲ್ಲ. ಸುಮ್ನೆ ಮಲ್ಗಿದೆ."

"ಓ, ಸರಿ ಬಿಡು," ಎಂದರು ಯಜಮಾನರು. ಚಪ್ಪಲಿಯ ಸದ್ದು ದೂರವಾಯಿತು.

ಅಷ್ಟೇ. ಅವರು ಕೂಗಾಡಲಿಲ್ಲ, ಕೆಲಸ ಕಿತ್ತುಕೊಳ್ಳಲಿಲ್ಲ, ಎರಡನೆಯ ಪ್ರಶ್ನೆಯನ್ನೂ ಕೇಳಲಿಲ್ಲ. ತಮ್ಮ ಇನ್ನೂ ಫೋನಿನಲ್ಲೇ ಇದ್ದ, ನಾನೇನಾದರೂ ಹೇಳಲಿ ಎಂದು ಕಾಯುತ್ತಿದ್ದ. ಇಷ್ಟು ಸುಲಭವಿತ್ತು ಎಂಬುದನ್ನು ಬಿಟ್ಟು ನನ್ನ ಬಾಯಿಗೆ ಬೇರೇನೂ ಬರಲಿಲ್ಲ. ಅದನ್ನು ಹೇಳದೆ ಫೋನ್ ಇಟ್ಟೆ.